ಕುಂಕುಮದ ಬಟ್ಟಲು ಮತ್ತು ತಲೆಯೊಳಗಿನ ಕುದುರೆ

ನಮ್ಮ ಸೋದರತ್ತೆಯ ಜ್ಞಾಪಕಶಕ್ತಿಗೆ ಹೆದರಿ ಗುಬ್ಬಿಯಲ್ಲಿ ಮೂರು ಜನ ಮನೆ ಬದಲಾಯಿಸಿದ್ದಾರೆ ಎಂದರೆ ನೀವು ನಂಬಬೇಕಾಗಿಲ್ಲ. ಇಬ್ಬರು ಎಂದು ನಂಬಿದರೆ ಸಾಕು! ಬಳಗದಲ್ಲಿ ಯಾರದೇ ಮದುವೆಯಾಗಲಿ, ಊರೊಳಗೆ ಮನೆಮನೆಗೆ ಹೋಗಿ ಕುಂಕುಮವಿಟ್ಟು ಕರೆಯುವ ಅಧಿಕಾರ ಅವರದು. ಪಟ್ಟಿಯಿಲ್ಲ, ಚೀಟಿಯಿಲ್ಲ. ನೂರಿಪ್ಪತ್ತು ಮನೆ, ಒಂದೂ ತಪ್ಪಿದ್ದಿಲ್ಲ.

ಇಂಥ ಅತ್ತೆ ಹೋದ ತಿಂಗಳು ಮೊಬೈಲನ್ನು ರಾಗಿ ಡಬ್ಬದಲ್ಲಿಟ್ಟು ಮೂರು ದಿನ ಹುಡುಕಿದರು. ಮಗ ಗಾಬರಿಯಾದ.

“ಅಮ್ಮ, ಮೊಮ್ಮಗಳ ಮದ್ವೆಗೆ ಕರೆಯೋಕೆ ನೀನು ಹೋಗ್ಬೇಡ. ವಾಟ್ಸಾಪಲ್ಲಿ ಹಾಕ್ಬುಡ್ತೀನಿ.”

“ವಾಟ್ಸಾಪು ಹಣೆಗೆ ಕುಂಕುಮ ಇಡ್ತದೇನ್ಲಾ?”

ವ್ಯಾಜ್ಯ ಬಸ್ಸು ಹತ್ತಿ ಬಟವಾಡಿಯ ಮಿದುಳಿನ ಡಾಕ್ಟರ ಮುಂದೆ ಹೋಯಿತು. ಅತ್ತೆ ಪಾಸಾದರೆ ಕುಂಕುಮದ ಬಟ್ಟಲು ಅವರಿಗೆ, ಫೇಲಾದರೆ ವಾಟ್ಸಾಪಿಗೆ. ಸಾಕ್ಷಿಗೆ ನಾನು.

ಡಾಕ್ಟರು ಮಿದುಳಿನ ಚಿತ್ರ ತೋರಿಸಿದರು. “ಇದು ಹಿಪೊಕ್ಯಾಂಪಸ್, ಅಮ್ಮಾ. ಹೊಸ ನೆನಪು ನೆಲೆ ನಿಲ್ಲೋಕೆ ಇದು ಬೇಕು. ನೋಡೋಕೆ ಕಡಲ್ಗುದುರೆ ಥರ ಇರುತ್ತೆ.”

“ನಾನು ಹುಟ್ಟಿದ್ದು ಕುದುರೆ ಫಾರಮ್ಮಿರೋ ಕುಣಿಗಲ್ಲು, ಡಾಕ್ಟ್ರೇ. ತಲೇಲಿ ಕುದುರೆ ಇರ್ದೆ ಕತ್ತೆ ಇರ್ತದಾ?”

ಡಾಕ್ಟರು ಐದು ಪದ ಹೇಳಿದರು: ತಟ್ಟೆ, ಗುಲಾಬಿ, ರೈಲು, ಬೀಗ, ಮೇಕೆ. ಐದು ನಿಮಿಷ ಏನೇನೋ ಮಾತಾಡಿಸಿ, “ಈಗ ಹೇಳಿ” ಎಂದರು. ಅತ್ತೆ ಬಾಯಿ ಬಿಡಲಿಲ್ಲ. ಮಗ ಒಂದು ಕೈಯಲ್ಲಿ ಕಣ್ಣೊರೆಸಿಕೊಂಡ. ಇನ್ನೊಂದರಲ್ಲಿ ಆಗಲೇ ವಾಟ್ಸಾಪು ತೆರೆದಿತ್ತು!

ಆಗ ಅತ್ತೆ ಕಣ್ಣುಮುಚ್ಚಿ, ಉಂಗುರದ ಬೆರಳು ಚಾಚಿ, ಗಾಳಿಗೆ ಕುಂಕುಮವಿಡತೊಡಗಿದರು. “ಮೂಲೆಮನೆ ಸಾವ್ಕಾರಮ್ಮ ತಟ್ಟೆ ಹಿಡ್ಕಂಡವ್ಳೆ. ಪಕ್ಕದ್ಮನೆ ಟೀಚರ್ ಮುಡೀಲಿ ಗುಲಾಬಿ. ಸ್ಟೇಷನ್ ಮಾಸ್ಟ್ರ ನಡುಮನೇಗೇ ರೈಲು ಬಂದ್ಬುಟ್ಟದೆ! ಎದುರುಮನೆಗೆ ಬೀಗ. ಅದರಾಚೆ ಜಗಲಿ ಕಂಬಕ್ಕೆ ಮೇಕೆ. ಇನ್ನೇನಾದ್ರೂ ಇಡೋದಿದ್ರೆ ಕೊಡಿ, ನೂರ ಹದಿನೈದು ಮನೆ ಖಾಲಿ ಅವೆ.”

ಡಾಕ್ಟರು ಕುರ್ಚಿಯಿಂದ ಎದ್ದೇ ನಿಂತರು. “ಜಾಗವನ್ನೂ ನೆನಪನ್ನೂ ಒಟ್ಟಿಗೆ ಹೆಣೆಯೋದು ಆ ಕಡಲ್ಗುದುರೆಯ ನರಕೋಶಗಳ ಕೆಲಸ. ಒಂದು ಎಳೆ ಸಿಕ್ಕಿದ್ರೆ ಇಡೀ ನೆನಪೇ ಎದ್ದು ಬರುತ್ತೆ. ನಿಮ್ಮಮ್ಮ ಆ ಎಳೆಗಳನ್ನ ಬಾಗಿಲು ಬಾಗಿಲಿಗೆ ಕಟ್ಟಿದ್ದಾರೆ.”

“ಮತ್ತೆ ಮೊಬೈಲು?” ಎಂದ ಮಗ, ಕೊನೆಯ ಅಸ್ತ್ರವಾಗಿ.

“ಇಡೋವಾಗ ಗಮನ ಇರ್ಲಿಲ್ಲ. ಒಳಗೇ ಹೋಗದ್ದು ಹೊರಗೆ ಹೇಗ್ರೀ ಬರುತ್ತೆ?” ಎಂದರು ಡಾಕ್ಟರು.

ಬಸ್ಸಿನಲ್ಲಿ ಗುಬ್ಬಿಯವರೆಗೂ ಅತ್ತೆ ಯುದ್ಧ ಗೆದ್ದು ಹಿಂದಿರುಗುವ ಮಹಾರಾಣಿಯಂತೆ ಕೂತಿದ್ದರು.

ಮುಂದಿನ ವಾರ ಕರೆಯಲು ಹೊರಟಾಗ ಚೀಲ ಹೊತ್ತವನು ನಾನು. ಒಂದೂ ಮನೆ ತಪ್ಪಲಿಲ್ಲ. ಕೊನೆಯ ಬೀದಿಯಲ್ಲಿ ಮಾತ್ರ, ಮುಚ್ಚಿದ್ದ ಬಾಗಿಲೊಂದರ ಮುಂದೆ ನಿಂತು ಚೌಕಟ್ಟಿಗೆ ಕುಂಕುಮವಿಟ್ಟರು. ಡಾಕ್ಟರೇ ಮೋಸಹೋದರೇ?

“ಅತ್ತೆ... ನಿಮ್ಮ ಗೆಳತಿ ತೀರ್ಕೊಂಡು ವರ್ಷವಾಯ್ತಲ್ಲ?”

“ಗೊತ್ತು ಕಣೋ. ಕೊನೇ ಸಲ ತಲೆ ಬಾಚಿ ಕಳಿಸಿದ್ದೇ ನಾನು. ಹಂಗಂತ ಕರೀದೆ ಹೋಗಕಾಯ್ತದಾ?”

ಬಾಗಿಲಿನತ್ತ ತಿರುಗಿ ಮೆಲ್ಲಗೆ ಹೇಳಿದರು: “ಹಿಂದಿನ ದಿನಾನೇ ಬಂದ್ಬುಡು ಕಣೇ.”