ಇಳಿಯಬೇಕಾಗಿದ್ದ ಹೊಟ್ಟೆ

ಗಿರಾಕಿಗಳು ಬಟ್ಟೆ ಹೊಲಿಸುವುದು ಇವತ್ತಿನ ಮೈಗಲ್ಲ, ಮುಂದೆ ಬರಲಿರುವ ಮೈಗೆ ಎಂಬುದು ದರ್ಜಿಗೆ ಗೊತ್ತಿತ್ತು. ಆ ಮೈ ಯಾವತ್ತೂ ಬರುವುದಿಲ್ಲ ಎಂಬುದೂ ಗೊತ್ತಿತ್ತು. ಹಾಗಾಗಿ ಕೆಲವು ತಿಂಗಳ ಹಿಂದೆ ಹೆಡ್‌ಮಾಸ್ಟರು, "ವಾರ್ಷಿಕೋತ್ಸವದ ಹೊತ್ತಿಗೆ ಹೊಟ್ಟೆ ಅರ್ಧಕ್ಕರ್ಧ ಇಳಿಸ್ತೀನಿ, ಆ ಲೆಕ್ಕಕ್ಕೇ ಕೋಟು ಹೊಲಿ" ಎಂದಾಗ ಹೂಂಗುಟ್ಟಿ, ಇದ್ದ ಹೊಟ್ಟೆಗಿಂತ ನಾಲ್ಕು ಬೆರಳು ಹೆಚ್ಚಿಗೆ ಹೊಲಿದಿಟ್ಟಿದ್ದ. ಕೋಟು ಒಪ್ಪಿಗೆಯಾದರೆ ಶಾಲೆಯ ಮಕ್ಕಳ ಸಮವಸ್ತ್ರವೆಲ್ಲ ಅವನದೇ ಎಂದು ಮಾತಾಗಿತ್ತು.

ವಾರ್ಷಿಕೋತ್ಸವದ ಬೆಳಿಗ್ಗೆ ಅಂಗಡಿಗೆ ಬಂದವರನ್ನು ನೋಡಿ ದರ್ಜಿಯ ಕೈಯಿಂದ ಕತ್ತರಿ ಜಾರಿತು. ಅದೇ ಮೂಗು, ಅದೇ ಬೋಳುತಲೆ. ಹೊಟ್ಟೆ ಮಾತ್ರ ಮಾಯ. ಗಂಟಲು ಕಟ್ಟಿ ಮಫ್ಲರ್ ಸುತ್ತಿಕೊಂಡಿದ್ದ ಅವರು ಮಾತಿಲ್ಲದೆ ಕೋಟಿನತ್ತ ಕೈ ತೋರಿಸಿದರು.

ತೊಡಿಸಿ ನೋಡಿದರೆ ಕೋಟು ಗೂಟಕ್ಕೆ ನೇತುಹಾಕಿದ ಹಾಗಿತ್ತು. ಜನ್ಮದಲ್ಲಿ ಮೊದಲ ಸಲ ಒಬ್ಬ ಗಿರಾಕಿ ಮಾತು ಉಳಿಸಿಕೊಂಡಿದ್ದ.

ಹೊಟ್ಟೆ ಇಳಿದ ಸೋಜಿಗ ನೋಡಲು ಪಕ್ಕದ ಕ್ಷೌರಿಕನೂ ಎದುರಿನ ಔಷಧಿ ಅಂಗಡಿಯಾಕೆಯೂ ಓಡಿಬಂದರು. ಮಫ್ಲರಿನವರು ಅಲ್ಲ ಅಲ್ಲವೆಂದು ತಲೆಯಾಡಿಸಿ, ಎರಡೂ ಕೈಯಲ್ಲಿ ಗಾಳಿಯಲ್ಲಿ ದೊಡ್ಡ ಹೊಟ್ಟೆಯೊಂದನ್ನು ಬರೆದು, ಶಾಲೆಯ ಕಡೆ ಬೆರಳು ಮಾಡಿದರು.

"ಮೊದಲು ಅಷ್ಟು ದಪ್ಪ ಇದ್ರಂತೆ ಕಣೋ," ಎಂದು ಕ್ಷೌರಿಕ ಅರ್ಥ ಬಿಡಿಸಿದ.

ಉಪವಾಸದಿಂದ ದನಿಯೂ ಹೋಗಿದೆ ಪಾಪ ಎಂದು ಔಷಧಿಯಾಕೆ ಗ್ಲೂಕೋಸ್ ಕುಡಿಸಿದಳು. ಹೆಚ್ಚಿನ ಬಟ್ಟೆಯನ್ನು ಒಳಗೆ ಮಡಿಚಿಡುವುದು ದರ್ಜಿಯ ಯೋಚನೆ. ಕ್ಷೌರಿಕ ಬಿಡಲಿಲ್ಲ.

"ಕತ್ತರಿಸಿ ಬಿಸಾಕು. ಮತ್ತೆ ದಪ್ಪ ಆಗ್ತಾರೆ ಅಂತ ಇಟ್ಟಿದೀಯ ಅಂದ್ಕೊಳ್ತಾರೆ."

ಮನುಷ್ಯರನ್ನು ಇಷ್ಟು ವರ್ಷ ನಂಬದೇ ಹೋದೆನಲ್ಲ ಎಂದು ದರ್ಜಿಗೆ ನಿಜಕ್ಕೂ ನಾಚಿಕೆಯಾಯಿತು. ಕಚಕಚನೆ ಕತ್ತರಿಸಿಯೇ ಬಿಟ್ಟ. ಮಫ್ಲರಿನವರು ತಲೆ ಚಚ್ಚಿಕೊಂಡು, ಎದ್ದೆನೋ ಬಿದ್ದೆನೋ ಎಂದು ಹೊರಗೆ ಓಡಿದರು. ಭಾಷಣಕ್ಕೆ ಹೊತ್ತಾಗಿರಬೇಕು ಎಂದುಕೊಂಡು ದರ್ಜಿ ಹೊಲಿಗೆಗೆ ಕೂತ.

ಕೊನೆಯ ಗುಂಡಿ ಹಾಕುವಾಗ ಹೊಸ್ತಿಲು ದಾಟಿ ಮೊದಲು ಒಂದು ಹೊಟ್ಟೆ ಬಂತು. ಅದರ ಹಿಂದೆ ಹೆಡ್‌ಮಾಸ್ಟರು. ಅವರ ಹಿಂದೆ ಮಫ್ಲರು.

"ಪರವೂರಿಂದ ಬಂದಿರೋ ನನ್ನ ತಮ್ಮನ್ನ ಕಳಿಸಿದ್ನಲ್ಲ, ಕೋಟು ಯಾಕಪ್ಪಾ ಕೊಡ್ಲಿಲ್ಲ?"

ದರ್ಜಿ ಕೋಟು ತೊಡಿಸಲು ಹೋದ. ಕೋಟು ಹೆಡ್‌ಮಾಸ್ಟರ ಒಂದು ತೋಳಿನಾಚೆಗೆ ಹೋಗಲಿಲ್ಲ. ಅವರು ಅದನ್ನು ಮಗುಚಿ, ಹೊಲಿಗೆಯನ್ನೆಲ್ಲ ಸವರಿ ನೋಡಿದರು.

"ತಪ್ಪು ನಂದೇ. ನೀನು ನಾನು ಹೇಳಿದ ಅಳತೆಗೇ ಹೊಲಿದಿದೀಯ."

ದರ್ಜಿಗೆ ಹೋದ ಜೀವ ಬಂತು.

"ಆದ್ರೆ ಒಳಗೆ ಒಂದು ಬೆರಳು ಬಟ್ಟೆನೂ ಬಿಟ್ಟಿಲ್ವಲ್ಲ. ಸಮವಸ್ತ್ರ ಬೇರೆಯವರಿಗೆ ಕೊಡ್ತೀನಪ್ಪಾ. ಬೆಳೆಯೋ ಮಕ್ಕಳಿಗೆ ಮುಂದಾಲೋಚನೆ ಇರೋ ದರ್ಜಿ ಬೇಕು."

ಕತ್ತರಿಸಿದ ಚೂರುಗಳು ದರ್ಜಿಯ ಕಾಲ ಬಳಿಯೇ ಬಿದ್ದಿದ್ದವು. ಕ್ಷೌರಿಕ ಆಗಲೇ ಮೆಲ್ಲಗೆ ತನ್ನ ಅಂಗಡಿ ಸೇರಿದ್ದ.