ನನ್ನ ಕುತ್ತಿಗೆಯಲ್ಲಿ ಮಲಗಿರುವ ಥೈರಾಯ್ಡ್ ಮಹಾಶಯರಿಗೆ

ಪರಮಪೂಜ್ಯ ಥೈರಾಯ್ಡ್ ಗ್ರಂಥಿಯವರ ಸನ್ನಿಧಾನಕ್ಕೆ, ಮಂಗಳೂರು ಪಡೀಲಿನ ಏಳು ತಿಂಗಳ ಬಸುರಿ ಪ್ರಣೀತಾ, ಬಗ್ಗಲು ಹೊಟ್ಟೆ ಬಿಡದ ಕಾರಣ ಕುಳಿತಲ್ಲಿಂದಲೇ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ಇಪ್ಪತ್ತೆಂಟು ವರ್ಷ ನನ್ನ ಕುತ್ತಿಗೆಯಲ್ಲಿ ವಾಸವಾಗಿದ್ದ ತಮ್ಮನ್ನು ನಾನು ಒಂದು ದಿನವೂ ವಿಚಾರಿಸಿಕೊಂಡವಳಲ್ಲ. ನಾನು ಬಸುರಿಯೆಂದು ತಿಳಿದು ಮನೆಯವರೆಲ್ಲ ಕುಣಿಯುತ್ತಿದ್ದಾಗ, ಇಬ್ಬರ ಪಾಲಿನ ಕೆಲಸ ತಲೆಗೆ ಬಿತ್ತೆಂದು ತಾವು ಮಗ್ಗುಲು ಬದಲಿಸಿ ಮಲಗಿದಿರಲ್ಲ, ಆ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. ತಮ್ಮನ್ನು ಎಬ್ಬಿಸಲು ತಲೆಯೊಳಗಿನ ಮೇಲಧಿಕಾರಿಗಳು ಕಳುಹಿಸುವ ತಾಕೀತಿಗೆ ಟಿಎಸ್‌ಎಚ್ ಎನ್ನುತ್ತಾರಂತೆ. ಮೂರರ ಒಳಗಿರಬೇಕಾದ ಅದು ನನ್ನ ರಕ್ತದಲ್ಲಿ ಒಂಬತ್ತಾಗಿತ್ತು. ನಾನು ಕುಳಿತಲ್ಲೇ ತೂಕಡಿಸಿದೆ, ಮೇ ತಿಂಗಳ ಮಂಗಳೂರಿನಲ್ಲಿ ಸ್ವೆಟರ್ ಹಾಕಿಕೊಂಡೆ, ಗಂಡ ಮುಖೇಶನ ಹೆಸರನ್ನು ಎರಡು ಬಾರಿ ಮರೆತೆ. ಎರಡನೆಯ ಬಾರಿ ಬೇಕೆಂದೇ ಮರೆತೆ.

ಆದರೆ ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನಂಬಿಕೊಂಡು ಎಂದು ಡಾಕ್ಟರ್ ರಾಹಿಲಾ ಹೇಳಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ರಿಕ್ಷಾದಲ್ಲಿ ಮನೆ ಮುಟ್ಟುವವರೆಗೂ ಕಣ್ಣೊರೆಸಿಕೊಂಡೆ.

ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ ನುಂಗಿ, ಒಂದು ಗಂಟೆ ಏನೂ ತಿನ್ನಬಾರದೆಂದು ಹೇಳಿ ಆ ಹಾರ್ಮೋನಿನ ಮಾತ್ರೆ ಕೊಟ್ಟರು. ನನ್ನ ಅತ್ತೆ ಮುದ್ದು ಅವರಿಗೆ ಇದು ಅನ್ಯಾಯವಾಗಿ ಕಂಡಿತು. "ಬಸುರಿ ಹೆಂಗಸು ಖಾಲಿ ಹೊಟ್ಟೆಯಲ್ಲಿ ಮದ್ದು ತಿನ್ನುವುದುಂಟಾ ಮಾರಾಯ್ತಿ, ಒಳಗಿನ ಮಗು ಎಂತ ಮಾಡ್ಬೇಕು?" ಎಂದು ದೊಡ್ಡ ಲೋಟ ಹಾಲು ತಂದು, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನೂ ಸೇರಿಸಿ ಎಲ್ಲವನ್ನೂ ಒಟ್ಟಿಗೆ ನುಂಗಿಸಿದರು. ಒಂದು ತಿಂಗಳು ಹೀಗೇ ನಡೆಯಿತು. ಆ ಹಾಲು, ಆ ಮಾತ್ರೆಗಳ ನಡುವೆ ಸಿಕ್ಕಿಬಿದ್ದ ತಮ್ಮ ಮದ್ದು ನನ್ನ ರಕ್ತಕ್ಕೆ ಸರಿಯಾಗಿ ಸೇರಲೇ ಇಲ್ಲ, ಒಂಬತ್ತು ಹನ್ನೊಂದಾಯಿತು, ನಾನು ತಮ್ಮನ್ನು ವಾಚಾಮಗೋಚರ ಬೈದೆ. ಹಾಲಿನ ಪಾಲಿನ ಬೈಗುಳವನ್ನು ಈ ಮೂಲಕ ಹಿಂಪಡೆದಿದ್ದೇನೆ. ಉಳಿದದ್ದು ತಮಗೇ ಸಲ್ಲುತ್ತದೆ.

ಮದ್ದನ್ನು ತಡೆದದ್ದು ಆ ಹಾಲು, ಮಾತ್ರೆಗಳೇ ಎಂದು ಡಾಕ್ಟರ್ ತಿಳಿಸಿದ ದಿನ ಅತ್ತೆ ಊಟ ಮಾಡಲಿಲ್ಲ. ಮರುದಿನದಿಂದ ನಾನು ಮಾತ್ರೆ ನುಂಗಿದ ಮೇಲೆ ಒಂದು ಗಂಟೆ ನಮ್ಮ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಮುಖೇಶನಿಗೂ ಚಾ ಇಲ್ಲ. ಹಾಸಿಗೆಯಲ್ಲೇ ಚಾ ಬೇಕೆನ್ನುತ್ತಿದ್ದ ಅತ್ತೆ ಗಡಿಯಾರದ ಕೆಳಗೆ ಕುರ್ಚಿ ಹಾಕಿ ನನ್ನೊಂದಿಗೆ ಕಾಯುತ್ತಾರೆ. "ಅಷ್ಟು ಸಣ್ಣ ಮಗು ಕಾಯ್ತದಂತೆ, ನನಗೆಂತ ದಾಡಿ?" ಎನ್ನುತ್ತಾರೆ. ಈಗ ಟಿಎಸ್‌ಎಚ್ ಎರಡಕ್ಕೆ ಇಳಿದಿದೆ, ಮಾನ್ಯರೇ, ತಮ್ಮ ಯಾವ ಸಹಕಾರವೂ ಇಲ್ಲದೆ.

ಆದ್ದರಿಂದ ತಾವು ಹೆರಿಗೆಯವರೆಗೆ ಭಾನುವಾರವಾದರೂ ಕೆಲಸಕ್ಕೆ ಹಾಜರಾಗಬೇಕು. ಸಾಧ್ಯವಿಲ್ಲದಿದ್ದರೆ ಎರಡು ದಿನ ಕುತ್ತಿಗೆಯಿಂದ ಇಳಿದು ಬಂದು ನನ್ನ ಅತ್ತೆಯ ಬಳಿ ತರಬೇತಿ ಪಡೆಯಬೇಕೆಂದು ಕೋರುತ್ತೇನೆ.

ತಮ್ಮನ್ನು ಹೊತ್ತುಕೊಂಡೇ ತಿರುಗುವ
ತಮ್ಮ ವಿಶ್ವಾಸಿ,
ಪ್ರಣೀತಾ

ತಾ.ಕ.: ಪತ್ರ ಕಳುಹಿಸುವಷ್ಟರಲ್ಲಿ ಎರಡು ತಿಂಗಳು ಕಳೆದು, ದಿನ ತುಂಬಿ ಮಗಳು ಹುಟ್ಟಿದಳು, ಇಡೀ ವಾರ್ಡು ಎದ್ದು ಕೂರುವಂತೆ ಅತ್ತಳು. ಮೂರನೆಯ ದಿನ ಹಿಮ್ಮಡಿಯಿಂದ ರಕ್ತ ತೆಗೆದು ನೋಡಿದರು. ಅವಳ ಥೈರಾಯ್ಡ್ ಚೆನ್ನಾಗಿ ದುಡಿಯುತ್ತಿದೆಯಂತೆ, ಮಗು ಚುರುಕಾಗಿದೆಯಂತೆ. "ಅದು ನಮ್ಮ ಕಡೆಯದ್ದು" ಎಂದು ಅತ್ತೆ ಮಂಚದಿಂದ ಮಂಚಕ್ಕೆ ಹೋಗಿ ಹೇಳಿ ಬರುತ್ತಿದ್ದಾರೆ. ಅಲ್ಲವೆನ್ನಲು ತಮಗೆ ಯಾವ ಮುಖವೂ ಉಳಿದಿಲ್ಲ.