ವಿಶ್ವಾಸಾರ್ಹತೆ ಕಲಿಸಿದ ಮೇಡಂ

ಪರೀಕ್ಷೆಗಳನ್ನೇ ಪರೀಕ್ಷೆ ಮಾಡುವವರಿಗೆ ನಗೆಯ ಪ್ರಸಂಗಗಳು ಎಲ್ಲಿ ಹೋದರೂ ಅಡ್ಡ ಬರುತ್ತವೆ. ಹಾನಗಲ್ಲಿನಲ್ಲಿ ನಾನು ಬಿ.ಎಡ್. ಓದುವಾಗ ಶೈಕ್ಷಣಿಕ ಮಾಪನ ಕಲಿಸುತ್ತಿದ್ದ ಮೇಡಂ ಹಿರೇಕೆರೂರಿನವರು. ಒಂದು ಪರೀಕ್ಷೆಯನ್ನು ಇವತ್ತು ಕೊಟ್ಟರೂ ನಾಳೆ ಕೊಟ್ಟರೂ, ನಾನು ತಿದ್ದಿದರೂ ನೀವು ತಿದ್ದಿದರೂ ಅಂಕ ಹೆಚ್ಚುಕಡಿಮೆ ಅಷ್ಟೇ ಬಂದರೆ ಅದಕ್ಕೆ ವಿಶ್ವಾಸಾರ್ಹತೆ ಅನ್ನುತ್ತಾರೆ. ಪುಸ್ತಕದಲ್ಲಿ ಇದು ನಿದ್ದೆಗೆ ಹೇಳಿ ಮಾಡಿಸಿದ ಅಧ್ಯಾಯ. ಮೇಡಂ ಹೇಳಿದರೆ ಮಾತ್ರ ಹಿಂದಿನ ಬೆಂಚಿನವರೂ ನೆಟ್ಟಗೆ ಕೂಡುತ್ತಿದ್ದರು.

ತಡವಾಗಿ ಬರುವವನು

ಯಲವಿಗಿಯಿಂದ ಬರುತ್ತಿದ್ದ ಸಹಪಾಠಿಯೊಬ್ಬ ದಿನಾ ಹಾಜರಿ ಮುಗಿದ ಮೇಲೇ ಬಾಗಿಲಲ್ಲಿ ಕಾಣಿಸುತ್ತಿದ್ದ. ಮೇಡಂ ಒಂದು ದಿನ ಅವನನ್ನು ಅಲ್ಲೇ ನಿಲ್ಲಿಸಿ ನಮ್ಮ ಕಡೆ ತಿರುಗಿದರು.

“ನೋಡ್ರಿ, ಇವಾ ದಿನಾ ತಡಾ. ದಿನಾ ಅಷ್ಟ ತಡಾ. ಇದಕ್ಕ ವಿಶ್ವಾಸಾರ್ಹತೆ ಅಂತಾರ. ಸರಿ ಹೊತ್ತಿಗೆ ಬರೂದು ಬ್ಯಾರೆ ಮಾತು, ಅದಕ್ಕ ಸಿಂಧುತ್ವ ಅಂತಾರ. ಅದು ಇವನ ಹತ್ರ ಇಲ್ಲ.”

ಪುಸ್ತಕ ಓದಿ ತಿಳಿಯದ್ದು ಒಂದೇ ಮಾತಿಗೆ ತಿಳಿಯಿತು. ಅವನಿಗೆ ಮಾತ್ರ ನಾಚಿಕೆಯಾಗಿ ಮರುದಿನ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಮೇಡಂ ಒಳಗೆ ಬಂದವರೇ ಹಣೆ ಹಿಡಿದುಕೊಂಡರು.

“ಅಯ್ಯ! ಇದ್ದದ್ದೊಂದೂ ಹೋತಲ್ಲೋ!”

ಸವಣೂರಿನ ಮರುಪರೀಕ್ಷೆ

ಒಂದೇ ಪರೀಕ್ಷೆಯನ್ನು ಎರಡು ಸಲ ಕೊಟ್ಟು ಅಂಕ ಹೋಲಿಸುವ ಕೆಲಸ ನನ್ನ ಪಾಲಿಗೆ ಬಂತು. ಸವಣೂರಿನ ಒಂದು ಶಾಲೆಗೆ ಹೋಗಿ ಏಳನೆಯ ತರಗತಿಗೆ ವಿಜ್ಞಾನದ ಪ್ರಶ್ನೆ ಕೊಟ್ಟೆ. ಅಂಕ ಅಷ್ಟಕ್ಕಷ್ಟೇ. ಕೆಲವು ದಿನ ಬಿಟ್ಟು ಹೋಗಿ ಅದನ್ನೇ ಮತ್ತೆ ಕೊಟ್ಟರೆ, ಇಡೀ ತರಗತಿಗೆ ಪೂರ್ತಿ ಅಂಕ!

ನಾನು ಬೆರಗಾಗಿ ನಿಂತಿದ್ದಾಗ ತರಗತಿಯ ಟೀಚರು ನಗುತ್ತ ಬಂದರು. “ಹ್ಯಾಂಗೈತ್ರಿ? ನೀವು ಹೋದ ಕೂಡಲೇ ಪೇಪರ್ ಫೋಟೋ ತಗದು ಪಾಲಕರ ವಾಟ್ಸಾಪ್ ಗ್ರೂಪಿಗೆ ಹಾಕಿದ್ನ್ರಿ. ದೂರಿಂದ ಬರ್ತೀರಿ, ಬರೇ ಕೈಲೆ ಕಳಸೂದು ಹ್ಯಾಂಗ್ರಿ?”

ನಾನು ಅಳುಮೋರೆ ಹಾಕಿಕೊಂಡು ಹಾನಗಲ್ಲಿಗೆ ಬಂದೆ. ಮೇಡಂ ಬಯ್ಯಲಿಲ್ಲ. “ನಡದದ್ದನ್ನ ಹಂಗ ಬರಿ. ಅಂಕಿ ಚಂದ ಮಾಡಬ್ಯಾಡ,” ಅಂದರು. ಆಮೇಲೆ ನಿಧಾನಕ್ಕೆ ಸೇರಿಸಿದರು: “ಮಕ್ಕಳದು ಅಳದ್ಯೋ ಇಲ್ಲೋ, ಟೀಚರ್ ಪ್ರೀತಿ ಅಂತೂ ಅಳದು ಬಂದಿ.”

ಊಟದ ಮುಂಚೆ, ಊಟದ ನಂತರ

ಹುಲಗೂರಿನ ಹುಡುಗನೊಬ್ಬ ಬರೆದ ‘ನಮ್ಮ ಎಮ್ಮೆ’ ಪ್ರಬಂಧವನ್ನು ಮೇಡಂ ನಮ್ಮೆಲ್ಲರ ಕೈಯಿಂದ ತಿದ್ದಿಸಿದರು. ಒಬ್ಬಳು ಹತ್ತಕ್ಕೆ ಮೂರು ಕೊಟ್ಟಳು, ಕಾಗುಣಿತ ತಪ್ಪಂತೆ. ಇನ್ನೊಬ್ಬ ಒಂಬತ್ತು ಕೊಟ್ಟ. ಯಾಕೆಂದು ಕೇಳಿದರೆ, “ನಮ್ಮನ್ಯಾಗೂ ಎಮ್ಮಿ ಅದಾವ್ರಿ. ಬರದದ್ದೆಲ್ಲಾ ಖರೇ ಐತಿ!”

ನಾವು ನಕ್ಕೆವು. ಮೇಡಂ ನಗಲಿಲ್ಲ. “ನಾನೂ ತಿದ್ದೇನಿ, ಎರಡು ಸಲ. ಊಟಕ್ಕಿಂತ ಮೊದಲ ನಾಕು, ಊಟ ಆದಮ್ಯಾಲೆ ಏಳು. ಎಮ್ಮಿ ಅದೇ, ಹುಡುಗ ಅವನೇ. ಬದಲಾದದ್ದು ನನ್ನ ಹೊಟ್ಟಿ.”

ತಮ್ಮ ತಪ್ಪನ್ನೇ ಪಾಠ ಮಾಡಿದ ಗುರುಗಳನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವತ್ತಿನಿಂದ ಅವರು ಉತ್ತರ ಪತ್ರಿಕೆ ತೆಗೆದರೆಂದರೆ ಇಡೀ ತರಗತಿ ಒಂದೇ ದನಿಯಲ್ಲಿ ಕೇಳುತ್ತಿತ್ತು: “ಮೇಡಂ, ಊಟಾ ಆತೇನ್ರಿ?”

ಅಕ್ಕಿಆಲೂರಿನ ಹುಲಿ

ಅಕ್ಕಿಆಲೂರಿನ ಶಾಲೆಯೊಂದಕ್ಕೆ ಮೇಡಂ ಜೊತೆ ಹೋಗಿದ್ದೆ. ಪಕ್ಕದಲ್ಲೇ ಅಕ್ಕಿ ಗಿರಣಿ, ಒಂದೇ ಸಮ ಧಡಧಡ. ಹೆಡ್‌ಮಾಸ್ತರರು ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳನ್ನು ಮುಂದೆ ನಿಲ್ಲಿಸಿಕೊಂಡಿದ್ದರು. ಅವಳ ತಾಯಿ ಬಾಗಿಲ ಬಳಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ಇಕೀನ್ನ ಕೆಳಗಿನ ಕ್ಲಾಸಿಗೆ ಇಳಸ್ತೇನ್ರಿ,” ಅಂದರು ಮಾಸ್ತರರು. “ನಿನ್ನೆ ಬಾಯಿ ಪರೀಕ್ಷಾ ತಗೊಂಡೆ. ಹುಲಿ ಎಲ್ಲಿರ್ತೈತಿ ಅಂದ್ರ, ನಮ್ಮ ಅಡಗಿಮನ್ಯಾಗ ಅಂದ್ಳು! ಏನ ತಿಂತೈತಿ ಅಂದ್ರ, ಜ್ವಾಳ ಅಂದ್ಳು! ಕಂಡ್ರ ಏನ ಮಾಡ್ತೀರಿ ಅಂದ್ರ, ನಮ್ಮವ್ವ ಕಸಬರಿಗಿ ತಗೊಂಡು ಬೆನ್ನ ಹತ್ತತಾಳ ಅಂದ್ಳು!”

ಬಾಗಿಲ ಬಳಿಯಿಂದ, “ಕಸಬರಿಗಿಲೆ ಎಲ್ಲಾರೂ ಹೊಡಿತಾರ್ರೀ…” ಅಂತ ತಾಯಿಯ ಸಣ್ಣ ದನಿ ಬಂತು.

ಮೇಡಂ ಮಾಸ್ತರರನ್ನು ಹಂಗಿಸಲಿಲ್ಲ. “ಒಂದ ಸಲ ಅಳದು ಮಗೂನ ಹಣೇಬರಾ ಬರೀಬಾರದ್ರಿ ಸರ್. ಅಳತಿಯೊಳಗ ತಪ್ಪಿರಬಹುದು. ಇನ್ನೊಮ್ಮೆ ಕೇಳೂಣು,” ಅಂದು ಹುಡುಗಿಯ ಕೈ ಹಿಡಿದು ಗಿರಣಿಯಿಂದ ದೂರ, ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಕರೆದೊಯ್ದರು. ನಾವೆಲ್ಲ ಹಿಂದೆ ಹಿಂದೆ ಹೋದೆವು.

“ಹುಲಿ ಎಲ್ಲಿರ್ತೈತಿ, ಅವ್ವಾ?”

“ಅಡವ್ಯಾಗ್ರಿ.”

“ಏನ ತಿಂತೈತಿ?”

“ಜಿಂಕಿ, ಹಂದಿ, ಸಿಕ್ರ ದನಾನೂ ತಿಂತೈತ್ರಿ.”

ಒಂದೊಂದಾಗಿ ಎಲ್ಲ ಪ್ರಶ್ನೆಗಳಿಗೂ ಸರಿಯಾದ ಉತ್ತರ ಬಂತು. ತಾಯಿಯ ಮುಖ ಅರಳಿತು. ಮಾಸ್ತರರು ಬೆವರು ಒರೆಸಿಕೊಂಡು, “ಮತ್ತ ನಿನ್ನೆ ಯಾಕ ಹಂಗ ಹೇಳಿದಿ?” ಅಂದರು.

“ಗಿರಣಿ ಸಪ್ಪಳದಾಗ ನೀವು ಇಲಿ ಅಂದಂಗ ಕೇಳಿಸ್ತ್ರಿ.”

ಮಾಸ್ತರರು ಒಳ್ಳೆಯವರು, ಅಲ್ಲೇ ಅವಳ ತಲೆ ಸವರಿದರು. “ತಪ್ಪು ನಂದವಾ. ನೀ ನಾಲ್ಕನೇತ್ತಾಗ ಇರು. ಆದ್ರ ನಿನ್ನೆ ನಿನ್ನ ಉತ್ತರ ಕೇಳಿ ನಾ ಅಷ್ಟು ಗಾಬರಿ ಆಗಿ ಕುರ್ಚಿ ಬಿಟ್ಟು ಎದ್ದೆ, ಆಗರೇ ಹೇಳಬೇಕಿಲ್ಲೋ?”

ಹುಡುಗಿ ಒಮ್ಮೆ ತಾಯಿಯ ಮುಖ ನೋಡಿ, ಮೆಲ್ಲಗೆ ಹೇಳಿದಳು:

“ಅದಕ್ಕ ನಾ ಓಣಿ ತುಂಬ ಹೇಳಿ ಬಂದೇನ್ರೀ ಸರ್, ನಮ್ಮ ಸರ್ ಇಲಿಗೆ ಬಾಳ ಅಂಜತಾರ ಅಂತ.”